ಊಟ ಮೈಗೆ ಹತ್ತಲಿ ಎಂದು ದುಡಿದ ಡಾ. ಸುಬ್ಬರಾವ್

ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು 1895ನೇ ಇಸವಿ ಜನವರಿ 12ರಂದು ಈಗಿನ ಆಂಧ್ರಪ್ರದೇಶದ ಭೀಮವರಂನಲ್ಲಿ ಹುಟ್ಟಿದರು. ಮನೆಯಲ್ಲಿ ಬಹಳ ಬಡತನ. ನನ್ನಷ್ಟೇ ವಯಸ್ಸಿನಲ್ಲಿ, ಅಂದರೆ 13ನೇ ವಯಸ್ಸಿಗೆ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡೋಣ ಅಂತ ಮನೆ ಬಿಟ್ಟು ಓಡಿದರಂತೆ. ಹುಡುಕಿ ವಾಪಸ್ ಕರೆತಂದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದರು. ಆಮೇಲೆ ಮದರಾಸಿನಲ್ಲಿ ಡಾಕ್ಟರ್ ಓದಿದರು.

ಅವರ ಅಣ್ಣ, ತಮ್ಮ ಇಬ್ಬರೂ ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ಈ ಕಾಯಿಲೆ ಬಂದವರಿಗೆ ಭೇದಿಯಾಗುತ್ತೆ, ರಕ್ತ ಕಡಿಮೆಯಾಗುತ್ತೆ, ಎಷ್ಟು ತಿಂದರೂ ಮೈಗೆ ಹತ್ತೋದಿಲ್ಲ. ಯಾಕೆ ಗೊತ್ತಾ? ನಾವು ತಿಂದ ಮುದ್ದೆ, ಸೊಪ್ಪಿನ ಸಾರು ಜಠರದಲ್ಲಿ ಗಂಜಿಯಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಪಿತ್ತರಸ, ಮೇದೋಜೀರಕ ರಸ ಸೇರಿ ಚೆನ್ನಾಗಿ ಜೀರ್ಣವಾಗುತ್ತದೆ. ಕರುಳಿನ ಒಳಗೋಡೆಯಲ್ಲಿ ಟವೆಲಿನ ಎಳೆಗಳ ಹಾಗೆ ಲಕ್ಷಾಂತರ ಪುಟ್ಟ ಬೆರಳುಗಳಿವೆ. ಅವಕ್ಕೆ ವಿಲ್ಲೈ ಎಂದು ಹೆಸರು. ಅವೇ ಸತ್ವವನ್ನು ಹೀರಿ ರಕ್ತಕ್ಕೆ ಕೊಡುವುದು. ಸ್ಪ್ರೂ ಬಂದರೆ ಅವು ಮೊಂಡಾಗುತ್ತವೆ. ಹೊಟ್ಟೆ ತುಂಬಿದರೂ ಮೈ ಉಪವಾಸ!

ಈ ಕಾಯಿಲೆಗೆ ಮದ್ದು ಹುಡುಕಬೇಕೆಂದು ಸುಬ್ಬರಾವ್ ಹೆಂಡತಿಯನ್ನು ಊರಲ್ಲೇ ಬಿಟ್ಟು ಅಮೆರಿಕಾಕ್ಕೆ ಹೋದರು. ಅಲ್ಲಿ ಹೊಟ್ಟೆಪಾಡಿಗೆ ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುತ್ತಿದ್ದರು. ಆದರೂ ಓದು ಬಿಡಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಿಸ್ಕ್ ಎಂಬುವರ ಜೊತೆ ಸೇರಿ, ಸ್ನಾಯುಗಳಲ್ಲಿ ಎ.ಟಿ.ಪಿ. ಎಂಬ ವಸ್ತು ಇರುವುದನ್ನು 1929ರಲ್ಲಿ ತಿಳಿಸಿದರು. ಅದೇ ವರ್ಷ ಜರ್ಮನಿಯಲ್ಲೂ ಅದನ್ನು ಕಂಡುಹಿಡಿದರು. ಊಟದ ಶಕ್ತಿ ಕೊನೆಗೆ ಎ.ಟಿ.ಪಿ. ಆಗಿಯೇ ಕೆಲಸಕ್ಕೆ ಬರುತ್ತದೆ. ನಮ್ಮ ಕಳವಾರ ಬೆಟ್ಟ, ಅಂದರೆ ಸ್ಕಂದಗಿರಿ ಹತ್ತುವಾಗ ಕಾಲಿಗೆ ಬಲ ಕೊಡೋದು ಅದೇ.

1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿ ಸೇರಿದರು. ಸೊಪ್ಪಿನಲ್ಲೂ ಈಲಿಯಲ್ಲೂ ಇರುವ ಫೋಲಿಕ್ ಆಮ್ಲ ಎಂಬ ಜೀವಸತ್ವವನ್ನು 1945ರಲ್ಲಿ ಅವರ ತಂಡ ಪ್ರಯೋಗಾಲಯದಲ್ಲೇ ತಯಾರಿಸಿತು. ಹೊಸ ರಕ್ತಕಣಗಳು ಹುಟ್ಟಲು ಇದು ಬೇಕೇ ಬೇಕು. ಇದನ್ನು ಕೊಟ್ಟಾಗ ಸ್ಪ್ರೂ ರೋಗಿಗಳು ಚೇತರಿಸಿಕೊಂಡರು. ಆದರೆ ಅಣ್ಣ ತಮ್ಮಂದಿರು ಆಗಲೇ ಹೋಗಿಬಿಟ್ಟಿದ್ದರು. ಸುಬ್ಬರಾವ್ ಕೂಡ ಮತ್ತೆ ಊರಿಗೆ ಬರಲೇ ಇಲ್ಲ. 1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೇ, ಅಮೆರಿಕಾದಲ್ಲಿ ತೀರಿಕೊಂಡರು. 1995ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಬಸುರಿಯರಿಗೆ ಆಶಾ ಅಕ್ಕ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಇದೇ ಫೋಲಿಕ್ ಆಮ್ಲ ಇರುತ್ತದೆ. ವಾರಕ್ಕೊಮ್ಮೆ ಶಾಲೆಯಲ್ಲಿ ನಮಗೆ ಕೊಡುವ ನೀಲಿ ಮಾತ್ರೆಯಲ್ಲೂ ಅದೇ ಇದೆ. ಕೆಲವರು ಅದನ್ನು ನಾಲಿಗೆ ಕೆಳಗೆ ಇಟ್ಟುಕೊಂಡು, ಮೇಷ್ಟ್ರು ಆ ಕಡೆ ತಿರುಗಿದಾಗ ಉಗೀತಾರೆ. ಗೆಳೆಯರೇ, ಇನ್ನು ಮೇಲೆ ಉಗಿಯಬೇಡಿ. ಊಟ ಆದಮೇಲೆ ನೀರು ಕುಡಿದು ನುಂಗಿ. ಸಾರಿನಲ್ಲಿರೋ ಸೊಪ್ಪನ್ನೂ ತಟ್ಟೆ ಅಂಚಿಗೆ ತಳ್ಳಬೇಡಿ.