ಕುದ್ಮುಲ್ ರಂಗರಾಯರು

ನಮ್ಮ ಸೀಮೆಯ ಬಡ ಮಕ್ಕಳಿಗೋಸ್ಕರ ಆಸ್ತಿಯನ್ನೂ ಮಾನವನ್ನೂ ಲೆಕ್ಕಿಸದೆ ದುಡಿದ ಕುದ್ಮುಲ್ ರಂಗರಾಯರ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರುವರು. ಇವರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದರು. ತಂದೆಯು ತೀರಿಹೋದ ಮೇಲೆ ಎಳೆಯ ಪ್ರಾಯದಲ್ಲಿಯೇ ಮಂಗಳೂರಿಗೆ ಬಂದು, ಅಲ್ಪ ಸಂಬಳಕ್ಕೆ ಉಪಾಧ್ಯಾಯರಾಗಿದ್ದು, ತರುವಾಯ ವಕೀಲರಾದರು. ಬ್ರಾಹ್ಮ ಸಮಾಜವನ್ನು ಸೇರಿದರು.

1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತರ ಮಕ್ಕಳಿಗೆ ಒಂದು ಶಾಲೆಯನ್ನು ತೆರೆದರು. ಮೇಲ್ಜಾತಿಯವರ ಹಗೆತನದ ನಿಮಿತ್ತ ಅದನ್ನು ಬೇರೆಡೆಗೆ ಸಾಗಿಸಬೇಕಾಯಿತು. ಆದರೆ ಹಗೆತನಕ್ಕಿಂತಲೂ ದೊಡ್ಡ ಅಡ್ಡಿ ಹಸಿವೆಯೇ ಆಗಿತ್ತು. ಉಡುಪಿ, ಕಾಪು, ಕಾರ್ಕಳದ ಕಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ದನ ಮೇಯಿಸುವುದಕ್ಕೂ ತರಗೆಲೆ ಗುಡಿಸುವುದಕ್ಕೂ ಗೊಬ್ಬರ ಹೊರುವುದಕ್ಕೂ ಒಡೆಯರ ಮನೆಗೆ ಹೋಗುವ ಮಗುವಿನಿಂದ ಗಂಜಿಗೆ ಒಂದು ಹಿಡಿ ಅಕ್ಕಿ ಬರುತ್ತಿತ್ತು. ಆ ಮಗುವು ಶಾಲೆಯಲ್ಲಿ ಕೂತರೆ ಅಂದಿನ ಗಡಿಗೆಯು ಅಷ್ಟು ಬರಿದಾಯಿತು. ತಾಯಿತಂದೆಗಳು ವಿದ್ಯೆಯನ್ನು ದ್ವೇಷಿಸುವರೆಂದು ದೂರುವವರು ಆಗಲೂ ಇದ್ದರು. ಆ ದೂರು ಅನ್ಯಾಯವಾದುದು.

ರಂಗರಾಯರು ದೂರಲಿಲ್ಲ. ಶಾಲೆಗೆ ಬರುವ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟವನ್ನೂ ಹಾಕಿಸಿದರು. ರೂಪಾಯಿಗೆ 64 ಪೈಸೆ ಇದ್ದ ಕಾಲವದು. 32 ದಿವಸ ತಪ್ಪದೆ ಬಂದ ಮಗುವಿನ ಮನೆಗೆ ಒಂದು ರೂಪಾಯಿ ಸೇರುವುದು. ಇದು ಲಂಚವಲ್ಲವೇ ಎಂದು ಕೆಲವರು ಕೇಳಬಹುದು. ಮಗುವು ಕಳೆದುಕೊಂಡ ಕೂಲಿಯನ್ನು ತುಂಬಿಕೊಡುವುದು ಲಂಚವಾಗಲಾರದು. ನೂರು ವರುಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 2003ರಲ್ಲಿ, ಬ್ರೆಜಿಲ್ ದೇಶದ ಸರಕಾರವು ಮಕ್ಕಳು ಶಾಲೆ ತಪ್ಪಿಸಬಾರದೆಂಬ ನಿಯಮದ ಮೇಲೆ ಬಡ ಕುಟುಂಬಗಳಿಗೆ ತಿಂಗಳು ತಿಂಗಳು ಹಣ ಕೊಡತೊಡಗಿತು. ದಾರಿಯು ಅದೇ.

ಪೈಸೆಯಿಂದಲೇ ಬಾಳು ಸಾಗದೆಂಬುದನ್ನೂ ಅವರು ಬಲ್ಲವರಾಗಿದ್ದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಓದಿನೊಡನೆ ನೇಯ್ಗೆ, ಬಡಗಿ ಕೆಲಸಗಳನ್ನೂ ಕಲಿಸಿದರು. ಮನೆಯಿಲ್ಲದವರಿಗೆ ನಿವೇಶನಗಳನ್ನು ದೊರಕಿಸಿದರು. ಮುಲ್ಕಿಯಲ್ಲಿಯೂ ನಮ್ಮ ಉಡುಪಿಯಲ್ಲಿಯೂ ಶಾಲೆಗಳಾದವು.

ಇದಕ್ಕಾಗಿ ಅವರ ಮನೆತನಕ್ಕೆ ಬಹಿಷ್ಕಾರ ಬಂತು. ಅವರು ಹಿಂದೆಗೆಯಲಿಲ್ಲ. ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿ, ಜಾತಿಯ ಹೊರಗೆ ಪುನರ್ವಿವಾಹ ಮಾಡಿಸಿದರು. ಆಕೆಯು 1930ರಲ್ಲಿ ಲಂಡನಿನ ದುಂಡುಮೇಜಿನ ಪರಿಷತ್ತಿಗೆ ಹೋದಳು.

ಮುಪ್ಪಿನಲ್ಲಿ, 1927ರಲ್ಲಿ, ಸಂನ್ಯಾಸ ತೆಗೆದುಕೊಂಡು ಈಶ್ವರಾನಂದರೆನಿಸಿದ ಅವರು 1928ನೆಯ ಇಸವಿ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಸಂಸ್ಕಾರವು ತೋಟಿಗಳ ಕೈಯಿಂದಲೇ ಆಗಬೇಕೆಂಬುದು ಅವರ ಕಡೆಯ ಅಪೇಕ್ಷೆಯಾಗಿತ್ತು.