ಮಗು ಮುಟ್ಟುವ ಮುನ್ನ ಈ ಡಾಕ್ಟರ್ ಕಥೆ ಓದಿ

ತಮ್ಮನ ಹೆಂಡತಿಗೆ ತವರಿನಲ್ಲಿ ಹೆರಿಗೆಯಾಗಿದೆ. ಮಗು ನೋಡಲು ಹೊರಟಿದ್ದೀರಿ. ಬಸ್ಸಿನ ಕಂಬಿ ಹಿಡಿದ ಕೈ, ಆಟೋದವನಿಗೆ ಚಿಲ್ಲರೆ ಎಣಿಸಿಕೊಟ್ಟ ಕೈ. ಒಳಗೆ ಹೋದ ತಕ್ಷಣ ಕಂದನನ್ನು ಎತ್ತಿ ಮುದ್ದಾಡುವ ಆಸೆ. ಅಷ್ಟರಲ್ಲಿ ಬೀಗಿತ್ತಿ ಅಡ್ಡ ಬಂದು, ಮೊದಲು ಕೈ ತೊಳೆದುಕೊಳ್ಳಿ ಅಂದುಬಿಟ್ಟರೆ? ಮುಖ ಸಣ್ಣಗಾಗುತ್ತೆ ಅಲ್ವಾ? ನಾವೇನು ಕೊಳಕರಾ ಅಂತ ಚುಚ್ಚುತ್ತೆ.

ಸುಮಾರು 175 ವರ್ಷಗಳ ಹಿಂದೆ ಯುರೋಪಿನ ಹೆಸರಾಂತ ವೈದ್ಯರಿಗೂ ಹೀಗೇ ಚುಚ್ಚಿತ್ತು. ಕೈ ತೊಳೆಯಿರಿ ಎಂದವರು ಡಾ. ಇಗ್ನಾಜ್ ಸೆಮ್ಮೆಲ್‌ವೈಸ್. ಅವರ ಕಥೆ ಓದಿದರೆ ಇನ್ನು ಮುಂದೆ ನೀವು ಬೀಗಿತ್ತಿಯ ಮೇಲೆ ಬೇಸರ ಮಾಡಿಕೊಳ್ಳೋದಿಲ್ಲ.

ಎರಡು ವಾರ್ಡುಗಳ ಒಗಟು

ಸೆಮ್ಮೆಲ್‌ವೈಸ್ ಹುಟ್ಟಿದ್ದು 1818ರ ಜುಲೈ 1ರಂದು, ಹಂಗೇರಿಯ ಬುಡಾ ಊರಿನಲ್ಲಿ. ತಂದೆ ದಿನಸಿ ವ್ಯಾಪಾರಿ. ಮಗ ಕಾನೂನು ಓದಲೆಂದು ವಿಯೆನ್ನಾಕ್ಕೆ ಹೋದ. ಆದರೆ ಮನಸ್ಸು ವೈದ್ಯಕೀಯದ ಕಡೆ ವಾಲಿತು. 1844ರಲ್ಲಿ ಡಾಕ್ಟರಾಗಿ, 1846ರಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯರಾದರು.

ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು. ಎರಡನೆಯದರಲ್ಲಿ ಸೂಲಗಿತ್ತಿಯರು. ಓದಿದವರ ವಾರ್ಡಿನಲ್ಲಿ ಸಾವು ಕಡಿಮೆ ಇರಬೇಕಲ್ಲವೇ? ಉಲ್ಟಾ! 1841ರಿಂದ 1846ರವರೆಗೆ ಡಾಕ್ಟರುಗಳ ವಾರ್ಡಿನಲ್ಲಿ ನೂರಕ್ಕೆ ಸುಮಾರು 10 ಬಾಣಂತಿಯರು ಸತ್ತರೆ, ಸೂಲಗಿತ್ತಿಯರ ವಾರ್ಡಿನಲ್ಲಿ ಸುಮಾರು 4. ಹೆಚ್ಚಿನವರನ್ನು ಕೊಂದದ್ದು ಬಾಣಂತಿ ಜ್ವರ. ಮೊದಲ ವಾರ್ಡಿನಲ್ಲಿ ಹಸುಗೂಸುಗಳ ಸಾವೂ ಜಾಸ್ತಿಯೇ.

ಊರಿನ ಹೆಂಗಸರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಮೊದಲ ವಾರ್ಡಿಗೆ ಸೇರಿಸಬೇಡಿ ಅಂತ ಮಂಡಿಯೂರಿ ಬೇಡುತ್ತಿದ್ದರು. ಆಸ್ಪತ್ರೆಗೆ ಬರುವ ದಾರಿಯಲ್ಲೇ ಹೆತ್ತವರಿಗೆ ಈ ಜ್ವರ ಅಷ್ಟಾಗಿ ತಗುಲುತ್ತಿರಲಿಲ್ಲ!

ಕೆಟ್ಟ ಗಾಳಿ ಕಾರಣ, ಇಕ್ಕಟ್ಟು ಕಾರಣ ಎಂದೆಲ್ಲ ದೊಡ್ಡವರು ಹೇಳುತ್ತಿದ್ದರು. ಪಾದ್ರಿಯ ಗಂಟೆ ಸದ್ದಿಗೆ ಬಾಣಂತಿಯರು ಹೆದರುತ್ತಾರೆ ಎಂಬ ಮಾತೂ ಇತ್ತು. ಸೆಮ್ಮೆಲ್‌ವೈಸ್ ಗಂಟೆಯನ್ನೂ ನಿಲ್ಲಿಸಿ ನೋಡಿದರು. ಸಾವು ನಿಲ್ಲಲಿಲ್ಲ.

ಗೆಳೆಯನ ಸಾವು ತೆರೆಸಿದ ಕಣ್ಣು

1847ರ ಮಾರ್ಚ್‌ನಲ್ಲಿ ಅವರ ಸ್ನೇಹಿತ, ಪ್ರೊಫೆಸರ್ ಯಾಕೋಬ್ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯ ಚಾಕು ಅವರ ಬೆರಳಿಗೆ ತಾಗಿ ನಂಜೇರಿತ್ತು. ಅವರ ದೇಹದೊಳಗೆ ಕಂಡ ಬದಲಾವಣೆಗಳನ್ನು ಓದಿದ ಸೆಮ್ಮೆಲ್‌ವೈಸ್ ಬೆಚ್ಚಿಬಿದ್ದರು. ಸತ್ತ ಬಾಣಂತಿಯರ ದೇಹದಲ್ಲೂ, ಅವರ ಹಸುಗೂಸುಗಳ ದೇಹದಲ್ಲೂ ಅವರು ಕಂಡಿದ್ದು ಅದನ್ನೇ.

ಒಗಟು ಬಿಡಿಸಿತು. ಡಾಕ್ಟರುಗಳು ಬೆಳಗ್ಗೆ ಹೆಣ ಕೊಯ್ದು, ಅದೇ ಕೈಯಲ್ಲಿ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಸಾವನ್ನು ಹೊತ್ತು ತರುತ್ತಿದ್ದದ್ದು ಗಾಳಿಯಲ್ಲ, ಗಂಟೆಯಲ್ಲ, ಚಿಕಿತ್ಸೆ ಕೊಡುವ ಕೈ. ಅದರಲ್ಲಿ ತನ್ನ ಕೈಯೂ ಸೇರಿದೆ ಎಂದು ಅವರು ಒಪ್ಪಿಕೊಂಡರು. ಆ ಸಂಕಟ ಅವರನ್ನು ಕೊನೆವರೆಗೂ ಬಿಡಲಿಲ್ಲ.

1847ರ ಮೇ ಮಧ್ಯದಲ್ಲಿ ಹೊಸ ನಿಯಮ ತಂದರು. ವಾರ್ಡಿಗೆ ಬರುವವರೆಲ್ಲ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕು. ನಾವು ಬ್ಲೀಚಿಂಗ್ ಪೌಡರ್ ಅಂತೀವಲ್ಲ, ಅದೇ ಜಾತಿಯ ಪುಡಿ. ಹೆಣದ ವಾಸನೆ ಹೋಗಿಸುತ್ತೆ ಅಂತ ಅದನ್ನು ಆರಿಸಿಕೊಂಡರು. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. 1848ರಲ್ಲಿ ಎರಡು ತಿಂಗಳು ಆ ವಾರ್ಡಿನಲ್ಲಿ ಒಬ್ಬ ಬಾಣಂತಿಯೂ ಸಾಯಲಿಲ್ಲ.

ನಿಜ ಹೇಳಿದ್ದಕ್ಕೆ ಸಿಕ್ಕಿದ್ದೇನು?

ಹೊಗಳಿಕೆ ಸಿಗಬೇಕಿತ್ತು. ಸಿಕ್ಕಿದ್ದು ಮುನಿಸು. ನಮ್ಮ ಕೈಯೇ ಕೊಂದಿತು ಎಂದು ಒಪ್ಪಲು ಹಲವು ವೈದ್ಯರಿಗೆ ಮನಸ್ಸಾಗಲಿಲ್ಲ. ರೋಗಾಣುಗಳ ಬಗ್ಗೆ ಆಗಿನ್ನೂ ಸರಿಯಾಗಿ ಗೊತ್ತಿರಲಿಲ್ಲ. 1849ರಲ್ಲಿ ಸೆಮ್ಮೆಲ್‌ವೈಸ್ ಕೆಲಸದ ಅವಧಿ ಮುಂದುವರಿಯಲಿಲ್ಲ. 1850ರಲ್ಲಿ ಬೇಸತ್ತು ಹಂಗೇರಿಗೆ ಮರಳಿದರು.

ಪೆಸ್ಟ್ ನಗರದ ಸೇಂಟ್ ರೋಕಸ್ ಆಸ್ಪತ್ರೆಯಲ್ಲಿ 1851ರಿಂದ ಆರು ವರ್ಷ ದುಡಿದರು. ಅಲ್ಲಿ 933 ಹೆರಿಗೆಗಳಲ್ಲಿ ಬಾಣಂತಿ ಜ್ವರಕ್ಕೆ ಸತ್ತವರು ಎಂಟೇ ಮಂದಿ. 1855ರಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆದರು. ಅಲ್ಲಿನ ಆಸ್ಪತ್ರೆಯಲ್ಲಿ ಒಬ್ಬರು ಬಳಸಿದ ಹಾಸುವಸ್ತ್ರ ಸರಿಯಾಗಿ ಒಗೆಯದೆ ಇನ್ನೊಬ್ಬರಿಗೆ ಹೋಗುತ್ತಿದೆ ಎಂದು ಅದಕ್ಕೂ ಜಗಳವಾಡಿದರು. 1857ರಲ್ಲಿ ಮದುವೆಯಾಯಿತು. ಐದು ಮಕ್ಕಳಲ್ಲಿ ಇಬ್ಬರನ್ನು ಎಳೆತನದಲ್ಲೇ ಕಳೆದುಕೊಂಡರು. ಆ ನೋವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರದ್ದೂ ತಪ್ಪಿತ್ತು. ಕಂಡಿದ್ದನ್ನು ವಿವರವಾಗಿ ಪುಸ್ತಕ ಮಾಡಿದ್ದು 1861ರಲ್ಲಿ, ಬಹಳ ತಡವಾಗಿ. ಆಮೇಲೆ ವಿರೋಧಿಗಳಿಗೆ ಬರೆದ ಬಹಿರಂಗ ಪತ್ರಗಳಲ್ಲಿ ಸಿಟ್ಟೇ ತುಂಬಿತ್ತು. ಬರಬರುತ್ತಾ ಮನಸ್ಸಿನ ಹಿಡಿತ ತಪ್ಪಿತು. 1865ರ ಜುಲೈ ಕೊನೆಗೆ ವಿಯೆನ್ನಾದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಎರಡು ವಾರದಲ್ಲಿ, ಆಗಸ್ಟ್ 13ರಂದು ತೀರಿಕೊಂಡರು. ವಯಸ್ಸು 47. ಸಾವಿಗೆ ಕಾರಣ, ಗಾಯದಿಂದ ರಕ್ತಕ್ಕೇರಿದ ನಂಜು. ಜೀವನವಿಡೀ ಯಾವುದರ ವಿರುದ್ಧ ಹೋರಾಡಿದರೋ ಅದೇ ಅವರನ್ನು ಕೊಂಡೊಯ್ದಿತು.

1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿದರು. ಇಂದು ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೆಮ್ಮೆಲ್‌ವೈಸ್ ಹೆಸರಿದೆ.

ಕಂದನಿಗೆ ನಂಜೇರೋದು ಹೇಗೆ?

ಇಲ್ಲಿ ನಂಜು ಅಂದ್ರೆ ಬದನೆಕಾಯಿ ತಿಂದರೆ ಆಗುತ್ತೆ ಅಂತಾರಲ್ಲ, ಆ ನಂಜಲ್ಲ. ಡಾಕ್ಟರುಗಳು ಸೆಪ್ಸಿಸ್ ಅನ್ನೋದು ಇದಕ್ಕೆ. ರೋಗಾಣು ರಕ್ತಕ್ಕೆ ಸೇರಿ, ಅದರ ಜೊತೆ ಹೋರಾಡುವ ಭರದಲ್ಲಿ ದೇಹದ ಅಂಗಗಳೇ ಸೋಲುವ ಸ್ಥಿತಿ. ಹುಟ್ಟಿದ ಮೊದಲ 28 ದಿನ ಮಗುವಿನ ಚರ್ಮ ತೆಳು, ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರೋದಿಲ್ಲ. ಹಾಗಾಗಿ ನಂಜು ಗಂಟೆಗಳಲ್ಲೇ ಏರಬಹುದು.

ಮೊದಲ ಮೂರು ದಿನಗಳಲ್ಲಿ ಬರುವ ನಂಜು ಸಾಮಾನ್ಯವಾಗಿ ತಾಯಿಯಿಂದ ಹೆರಿಗೆ ಸಮಯದಲ್ಲಿ ತಗುಲಿದ್ದು. ನೀರು ಒಡೆದು 18 ಗಂಟೆ ಮೀರಿದ್ದರೆ, ತಾಯಿಗೆ ಜ್ವರವಿದ್ದರೆ, ದಿನ ತುಂಬುವ ಮುನ್ನ ಹೆರಿಗೆಯಾಗಿದ್ದರೆ ಅಪಾಯ ಹೆಚ್ಚು. ಆಮೇಲಿನದ್ದು ಹೆಚ್ಚಾಗಿ ಹೊರಗಿನಿಂದ, ಅಂದರೆ ಕೈಗಳಿಂದ, ಹೊಕ್ಕಳಿನಿಂದ, ಬಾಟಲಿಯಿಂದ ಬರುವಂಥದ್ದು. ಇದನ್ನು ತಡೆಯುವುದರಲ್ಲಿ ನಿಮ್ಮ ಪಾತ್ರ ದೊಡ್ಡದು.

ಇವು ಕಂಡರೆ ಕಾಯಬೇಡಿ

* ಮಗು ಹಾಲು ಚೀಪುತ್ತಿಲ್ಲ, ಎಬ್ಬಿಸಿದರೂ ಮಂಕಾಗಿದೆ, ಕೈಕಾಲು ಆಡಿಸುತ್ತಿಲ್ಲ.
* ಮೈ ಬಿಸಿ, ಅಂದರೆ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು. ಇಲ್ಲವೇ ಮೈ ತಣ್ಣಗೆ, 35.5ಕ್ಕಿಂತ ಕಡಿಮೆ. ಎಳೆಗೂಸಿಗೆ ಜ್ವರವೇ ಬರದೆಯೂ ನಂಜೇರಬಹುದು, ನೆನಪಿಡಿ.
* ಶಾಂತವಾಗಿದ್ದಾಗಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರು, ಎದೆ ಒಳಗೆ ಸೆಳೆಯೋದು, ನರಳೋದು.
* ಫಿಟ್ಸ್, ಅಂಗೈ ಅಂಗಾಲಿನವರೆಗೂ ಹಳದಿ.
* ಹೊಕ್ಕಳ ಸುತ್ತ ಕೆಂಪು ಅಥವಾ ಕೀವು, ಮೈಮೇಲೆ ಕೀವಿನ ಗುಳ್ಳೆ.

ದೃಷ್ಟಿ ತಗುಲಿದೆ ಅಂತ ನಿವಾಳಿಸುತ್ತಾ, ನಾಳೆ ನೋಡೋಣ ಅಂತ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ದಾರಿಯಲ್ಲಿ ಮಗುವನ್ನು ಎದೆಗವಚಿ ಬೆಚ್ಚಗಿಡಿ. ಬೇಗ ಆಂಟಿಬಯಾಟಿಕ್ ಶುರುವಾದಷ್ಟೂ ಮಗು ಉಳಿಯುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಉಳಿದ ಔಷಧಿಯನ್ನು ನೀವೇ ಹಾಕಬೇಡಿ. ಯಾಕೋ ಮಗು ಸರಿಯಿಲ್ಲ ಅಂತ ಬಾಣಂತಿ ಹೇಳಿದರೆ ತಳ್ಳಿಹಾಕಬೇಡಿ. ವಿಯೆನ್ನಾದಲ್ಲೂ ಡಾಕ್ಟರುಗಳಿಗಿಂತ ಮೊದಲು ಅಪಾಯ ಅರಿತಿದ್ದು ಹೆಂಗಸರೇ ಅಲ್ವಾ?

ಮನೆಯಲ್ಲಿ ಇಷ್ಟು ಮಾಡಿ

* ಮಗು ಎತ್ತಿಕೊಳ್ಳುವ ಮುನ್ನ, ಕಕ್ಕ ತೊಳೆದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬಳೆ, ಉಂಗುರದ ಸಂದಿಯನ್ನೂ ಉಜ್ಜಿ.
* ಹೊಕ್ಕಳು ಒಣಗಿರಲಿ. ಡಾಕ್ಟರು ಹೇಳದೆ ಅರಿಶಿನ, ಹರಳೆಣ್ಣೆ, ವಿಭೂತಿ ಯಾವುದನ್ನೂ ಹಚ್ಚಬೇಡಿ.
* ಹುಟ್ಟಿದ ಒಂದು ಗಂಟೆಯೊಳಗೆ ತಾಯಿ ಹಾಲು ಕೊಡಿ. ಮೊದಲ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ಆರು ತಿಂಗಳು ಕತ್ತೆ ಹಾಲು ಅಂತ ಬೇರೇನೂ ಬೇಡ, ಜೇನುತುಪ್ಪವಂತೂ ವರ್ಷ ತುಂಬುವವರೆಗೂ ಬೇಡ.
* ನೆಗಡಿ, ಕೆಮ್ಮು, ಜ್ವರ ಇದ್ದವರು ದೂರದಿಂದಲೇ ಹರಸಲಿ. ಮುಖಕ್ಕೆ ಮುತ್ತು ಬೇಡ.
* ಬಾಣಂತಿಗೆ ಜ್ವರ, ಹೊಟ್ಟೆನೋವು, ವಾಸನೆಯ ಸ್ರಾವ ಇದ್ದರೆ ಅವಳನ್ನೂ ತಕ್ಷಣ ತೋರಿಸಿ.

ಕೊನೆಗೊಂದು ಮಾತು. ಬಚ್ಚಲ ಬಾಗಿಲಿನ ಹತ್ತಿರ ಒಂದು ಸೋಪು, ಒಗೆದ ಟವೆಲ್ ಇಡಿ. ಅತ್ತೆಯಿರಲಿ, ಬೀಗರಿರಲಿ, ಬಂದವರನ್ನು ನಗುನಗುತ್ತಾ ಅಲ್ಲಿಗೇ ಕರೆದೊಯ್ಯಿರಿ. ನಿಮಗೇ ಯಾರಾದರೂ ಹೇಳಿದರೆ ಮುನಿಸಿಕೊಳ್ಳಬೇಡಿ. ಅವತ್ತು ವಿಯೆನ್ನಾದಲ್ಲಿ ಆ ಡಾಕ್ಟರುಗಳು ಮುನಿಸಿಕೊಳ್ಳದೆ ಕೈ ತೊಳೆದಿದ್ದರೆ ಎಷ್ಟು ತೊಟ್ಟಿಲುಗಳು ತೂಗುತ್ತಿದ್ದವೋ!