ಬೀಗ ತೆಗೆದ ವಕೀಲರು: ಫ.ಗು. ಹಳಕಟ್ಟಿ

ಈ ಸಲ ನಮ್ಮ ಕನ್ನಡ ಸಂಘದಲ್ಲಿ ಒಂದು ಜಗಳ ಆಯ್ತು. ಅಲ್ಲಿಂದಲೇ ಶುರು ಮಾಡ್ತೀವಿ, ಯಾಕಂದ್ರೆ ಹಳಕಟ್ಟಿಯವರ ಬಗ್ಗೆ ಬರೀಬೇಕು ಅನ್ನಿಸಿದ್ದೇ ಆ ಜಗಳದಿಂದ.

ಸಂಘದಲ್ಲಿ ನಾವು ನಾಲ್ಕು ಮಂದಿ ವಿಜಯಪುರ ಜಿಲ್ಲೆಯವರು. ಒಬ್ಬ ಇಂಡಿ, ಒಬ್ಬಳು ಸಿಂದಗಿ, ಒಬ್ಬ ಮುದ್ದೇಬಿಹಾಳ, ಇನ್ನೊಬ್ಬ ಬಸವನ ಬಾಗೇವಾಡಿ. ರಾಜ್ಯೋತ್ಸವದಲ್ಲಿ ಉಳಿದ ದುಡ್ಡಿನಿಂದ ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಗೆ ಲೈಬ್ರರಿ ಮಾಡಿಕೊಡೋಣ ಅಂತ ಮಾತು ಬಂತು. ಅರ್ಧ ಮಂದಿ ಎರಡು ಟ್ಯಾಬ್ ಕೊಡಿಸಿಬಿಡಿ, ಅದರಲ್ಲೇ ಸಾವಿರಾರು ಪುಸ್ತಕ ಬರ್ತಾವೆ ಅಂದರು. ಇನ್ನರ್ಧ ಮಂದಿ ಪುಸ್ತಕವೇ ಬೇಕು ಅಂತ ಹಟ ಹಿಡಿದರು. ನಿಜ ಹೇಳಬೇಕಂದ್ರೆ ಎರಡೂ ಕಡೆಯವರು ಶಾಲೆಯಲ್ಲಿ ಲೈಬ್ರರಿಯನ್ನು ನೆಟ್ಟಗೆ ಕಂಡವರಲ್ಲ. ನಾವು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಲೈಬ್ರರಿ ಅಂದ್ರೆ ಬೀಗ ಹಾಕಿದ ಒಂದು ಗಾಜಿನ ಕಪಾಟು. ಲೈಬ್ರರಿ ಪೀರಿಯಡ್ ಟೈಮ್‌ಟೇಬಲ್‌ನಲ್ಲಿ ಇತ್ತು, ಪ್ರತಿ ವಾರ ಗಣಿತಕ್ಕೆ ಹೋಗ್ತಿತ್ತು. ಆಮೇಲೆ ಸ್ಮಾರ್ಟ್ ಬೋರ್ಡ್ ಬಂತು, ಕಪಾಟು ಸ್ಟೋರ್ ರೂಮಿಗೆ ಹೋಯ್ತು. ಯಾರೂ ಅಳಲಿಲ್ಲ.

ಈ ವಾದದ ನಡುವೆ ಬಾಗೇವಾಡಿಯವನು ಹಳಕಟ್ಟಿಯವರ ಹೆಸರು ತೆಗೆದ. ನಮಗೆ ಪಿ.ಜಿ. ಹಳಕಟ್ಟಿ ಅಂದ್ರೆ ಸಿಇಟಿ ಕೌನ್ಸೆಲಿಂಗ್ ಪಟ್ಟಿಯಲ್ಲಿ ಬರೋ ವಿಜಯಪುರದ ಇಂಜಿನಿಯರಿಂಗ್ ಕಾಲೇಜಿನ ಹೆಸರು, ಅಷ್ಟೇ. ಆ ಪಿ.ಜಿ. ಅಂದ್ರೆ ಫಕೀರಪ್ಪ ಗುರುಬಸಪ್ಪ ಅಂತಲೂ ಗೊತ್ತಿರಲಿಲ್ಲ. ನಾಚಿಕೆಯಾಗಿ ಓದೋಕೆ ಕೂತೆವು.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪ ಶಿಕ್ಷಕರು, ಬರಹಗಾರರು. ತಾಯಿ ದಾನಮ್ಮ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಹುಡುಗ ಮುಂಬೈಗೆ ಹೋಗಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ, ಕಾನೂನು ಮುಗಿಸಿದ. ಬೆಳಗಾವಿಯಲ್ಲಿ ಸ್ವಲ್ಪ ದಿನ ವಕೀಲಿ ಮಾಡಿ ವಿಜಯಪುರಕ್ಕೆ ಬಂದು ನೆಲೆಸಿದರು. ಅಂದ್ರೆ ಅವರೂ ನಮ್ಮ ಹಾಗೇ ಇಂಗ್ಲಿಷಿನಲ್ಲಿ ಡಿಗ್ರಿ ಮಾಡಿ ಒಳ್ಳೆ ಸಂಬಳದ ದಾರಿಯಲ್ಲಿದ್ದ ಮನುಷ್ಯ. ಈಗಿನ ಕಾಲಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ಪ್ಲೇಸ್‌ಮೆಂಟ್ ಆದ ಹಾಗೆ.

ದಾರಿ ತಪ್ಪಿಸಿದ್ದು ತಾಳೆಗರಿ. ಇಪ್ಪತ್ಮೂರು ವರ್ಷದ ಸುಮಾರಿಗೆ ರಬಕವಿ-ಬನಹಟ್ಟಿ ಕಡೆ ಒಂದು ಮನೆತನದಲ್ಲಿ ಅವರು ವಚನಗಳ ಓಲೆಗಟ್ಟು ನೋಡಿದರು. ವಚನಗಳು ಹನ್ನೆರಡನೇ ಶತಮಾನದವು, ದಿನದ ಮಾತಿನ ಕನ್ನಡದಲ್ಲಿ ಹುಟ್ಟಿದವು, ಅಂಬಿಗರು ಮಡಿವಾಳರು ನೇಕಾರರು ಹೇಳಿದವು. ಆದರೆ 1900ರ ಹೊತ್ತಿಗೆ ಅವು ಎಲ್ಲಿದ್ದವು? ಮಠಗಳಲ್ಲಿ, ಮನೆಗಳ ದೇವರ ಕೋಣೆಯಲ್ಲಿ, ಬಟ್ಟೆ ಸುತ್ತಿ, ವಿಭೂತಿ ಹಚ್ಚಿ. ಪೂಜೆ ನಡೀತಿತ್ತು, ಓದು ನಿಂತಿತ್ತು. ಎಷ್ಟೋ ಮನೆಯವರು ಹೊರಗೆ ಕೊಡೋಕೆ ಒಪ್ಪುತ್ತಿರಲಿಲ್ಲ. ಹುಳ ತಿಂದ ಓಲೆಗಳನ್ನು ಹೊಳೆಗೆ ಬಿಡೋ ರೂಢಿಯೂ ಇತ್ತು. ನಮ್ಮ ಶಾಲೆಯ ಗಾಜಿನ ಕಪಾಟು ನೆನಪಾಯ್ತಾ?

ತಾಳೆಗರಿ ಓದೋದು ಅಂದ್ರೆ ಏನು ಅಂತ ನಾವು ಸ್ವಲ್ಪ ತಿಳ್ಕೊಂಡೆವು. ಕಬ್ಬಿಣದ ಕಂಠದಿಂದ ಗೀಚಿ, ಮೇಲೆ ಮಸಿ ಸವರಿ ಅಕ್ಷರ ಕಾಣಿಸೋ ಹಾಗೆ ಮಾಡಿರ್ತಾರೆ. ಪದಗಳ ನಡುವೆ ಜಾಗ ಇಲ್ಲ, ಅಲ್ಪವಿರಾಮ ಪೂರ್ಣವಿರಾಮ ಇಲ್ಲ. ಇಡೀ ಕೋಡನ್ನು ಒಂದೇ ಸಾಲಿನಲ್ಲಿ ಬರೆದು, ಸ್ಪೇಸ್ ಎಲ್ಲ ಡಿಲೀಟ್ ಮಾಡಿ, ನಡುನಡುವೆ ಇಲಿ ಕಡಿದಿದ್ದರೆ ಹೇಗಿರುತ್ತೋ ಹಾಗೆ. ಒಂದೇ ವಚನ ಎರಡು ಗರಿಗಳಲ್ಲಿ ಬೇರೆ ಬೇರೆ ಥರ ಇದ್ದರೆ ಯಾವುದು ಸರಿ ಅನ್ನೋದನ್ನು ಕೂತು ನಿರ್ಧರಿಸಬೇಕು. ಕೋರ್ಟು ಕಚೇರಿ ಮಾಡ್ತಾ ಈ ಮನುಷ್ಯ ಊರೂರು ತಿರುಗಿ ಸಾವಿರಕ್ಕೂ ಹೆಚ್ಚು ಓಲೆಗಟ್ಟು ಕೂಡಿಸಿದರು, ಕಾಗದಕ್ಕೆ ಇಳಿಸಿದರು. ಅವರು ಕೆಲಸ ಶುರು ಮಾಡಿದಾಗ ಐವತ್ತರಷ್ಟು ವಚನಕಾರರ ಹೆಸರು ಗೊತ್ತಿತ್ತು. ಅವರು ಬೆಳಕಿಗೆ ತಂದ ಮೇಲೆ ಅದು 250 ದಾಟಿತು.

ಮೊದಲ ದೊಡ್ಡ ಪುಸ್ತಕ 'ವಚನಶಾಸ್ತ್ರಸಾರ'. ಅಚ್ಚಿಗೆ ಅಂತ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರೆ ಹಸ್ತಪ್ರತಿ ವಾಪಸ್ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯ್ತು. ಅದರಲ್ಲಿ ನಮಗೆ ಭಾಳ ಹಿಡಿಸಿದ್ದು ಜೋಡಣೆ. ವಚನಕಾರರ ಹೆಸರಿನ ಪ್ರಕಾರ ಅಲ್ಲ, ವಿಷಯದ ಪ್ರಕಾರ ಜೋಡಿಸಿದ್ದಾರೆ. ಓದೋನಿಗೆ ಏನು ಬೇಕೋ ಅದು ಸಿಗಬೇಕು ಅನ್ನೋ ಯೋಚನೆ. ಈಗ ನಾವು ಟ್ಯಾಗ್ ಹಾಕೋದು ಅಂತೀವಲ್ಲ, ಅದನ್ನು ನೂರು ವರ್ಷದ ಹಿಂದೆ ಕೈಯಲ್ಲಿ ಮಾಡಿದ್ದಾರೆ.

ಬೇರೆಯವರ ಅಚ್ಚುಕೂಟ ನಂಬಿ ಕೂರೋದು ಸಾಕು ಅಂತ 1925ರಲ್ಲಿ ಮನೆ ಮಾರಿ ವಿಜಯಪುರದಲ್ಲೇ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಮನೆ ಮಾರಿ! ನಮ್ಮಲ್ಲಿ ಯಾರಾದರೂ ಸ್ಟಾರ್ಟಪ್‌ಗೆ ಮನೆ ಮಾರ್ತೀವಿ ಅಂದ್ರೆ ಅಪ್ಪ ಏನು ಮಾಡ್ತಾರೆ ಯೋಚಿಸಿ. ಆಮೇಲೆ ಅವರು ಬಾಡಿಗೆ ಮನೆಯಲ್ಲೇ ಇದ್ದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಬರೆಯೋದು, ಕರಡು ತಿದ್ದೋದು, ಅಚ್ಚು ಹಾಕಿಸೋದು, ಕಟ್ಟು ಕಟ್ಟಿ ಸೈಕಲ್ ಮೇಲೆ ಹೇರಿಕೊಂಡು ಪೋಸ್ಟಿಗೆ ಒಯ್ಯೋದು, ಎಲ್ಲಾ ಒಬ್ಬರೇ. 'ಶಿವಾನುಭವ'ವನ್ನು ಮೂರು ದಶಕಕ್ಕೂ ಮೇಲೆ ನಡೆಸಿದರು. ನಮ್ಮ ಈ ಆನ್‌ಲೈನ್ ಪತ್ರಿಕೆಯ ಸಂಚಿಕೆ ಇಂಟರ್ನಲ್ಸ್ ಬಂದ್ರೆ ನಿಂತುಹೋಗುತ್ತೆ, ಅದು ಬೇರೆ ಮಾತು.

ಇದರ ಜೊತೆಗೆ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, ಆಮೇಲೆ ಮುಂಬೈ ಶಾಸನಸಭೆಯ ಸದಸ್ಯತ್ವ, 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಅವರು ಕಟ್ಟಿದ ಬ್ಯಾಂಕು ಬೆಳೀತು, ಶಾಲೆಗಳು ಬೆಳೆದವು, ಅವರ ಕೋಟು ಮಾತ್ರ ಹರೀತಾ ಹೋಯ್ತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ತೀರಿಕೊಂಡರು.

ಎಲ್ಲಾ ಸರಿ ಮಾಡಿದರು ಅಂತ ನಾವು ಹೇಳ್ತಿಲ್ಲ. ಅವರ ಪಾಠಗಳನ್ನು ಮುಂದೆ ಶಿ.ಶಿ. ಬಸವನಾಳ, ಎಲ್. ಬಸವರಾಜು, ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿ ಅಂಥವರು ಮತ್ತೆ ಮತ್ತೆ ಶೋಧಿಸಿದರು. ತಿದ್ದೋಕೆ ಅವರ ಕೈಯಲ್ಲಿ ಏನಾದರೂ ಇರಬೇಕಲ್ಲ, ಅದನ್ನು ಕೊಟ್ಟಿದ್ದು ಹಳಕಟ್ಟಿ. ಹದಿನೈದು ಸಂಪುಟದ 'ಸಮಗ್ರ ವಚನ ಸಂಪುಟ' ಬಂತು. ಈಗ 'ವಚನ ಸಂಚಯ' ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕಬಹುದು.

ಹುಡುಕಿದೆವು. ನಮ್ಮ ನಮ್ಮ ಊರವರನ್ನೇ ಮೊದಲು. ಬಾಗೇವಾಡಿಯವನಿಗೆ ಬಸವಣ್ಣ ಸುಲಭ. ಸಿಂದಗಿಯವಳಿಗೆ ಮಡಿವಾಳ ಮಾಚಿದೇವ. ಅವನ ದೇವರ ಹಿಪ್ಪರಗಿ ಮೊದಲು ಸಿಂದಗಿ ತಾಲ್ಲೂಕೇ ಆಗಿತ್ತು. ಮುದ್ದೇಬಿಹಾಳದವನಿಗೆ ನೀಲಮ್ಮ, ಅವಳು ಐಕ್ಯಳಾದ ತಂಗಡಗಿ ಅವನ ತಾಲ್ಲೂಕಿನ ಹೊಳೆದಂಡೆಯಲ್ಲಿದೆ. ಇಂಡಿಯವನು ಮುಖ ಸಣ್ಣ ಮಾಡಿಕೊಂಡ, ಆಮೇಲೆ ಹಲಸಂಗಿ ಗೆಳೆಯರ ಹೆಸರು ಹೇಳಿ ಮಾನ ಉಳಿಸಿಕೊಂಡ. ಮಧುರಚೆನ್ನ, ಸಿಂಪಿ ಲಿಂಗಣ್ಣ ಇವರೆಲ್ಲ ಬೀಸುಕಲ್ಲಿನ ಮುಂದೆ ಕೂತವರ ಹಾಡನ್ನು ಪುಸ್ತಕಕ್ಕೆ ತಂದವರು. ಅದೂ ಹಳಕಟ್ಟಿಯವರ ಕಾಲದ್ದೇ.

ಹುಡುಕಾಟ ಒಂದು ಸೆಕೆಂಡ್. ಆದರೆ ಸ್ಕ್ರೀನಿನ ಮೇಲೆ ಬಂದ ಹತ್ತು ಸಾಲನ್ನು ಜೋರಾಗಿ ಓದೋಕೆ ನಾವು ನಾಲ್ಕೂ ಮಂದಿ ತಡವರಿಸಿದೆವು. ಒತ್ತಕ್ಷರ ಬಂದಲ್ಲಿ ನಿಂತೆವು. ಅಲ್ಲಿಗೆ ಟ್ಯಾಬ್ ಪಾರ್ಟಿ, ಪುಸ್ತಕ ಪಾರ್ಟಿ ಎರಡೂ ಸುಮ್ಮನಾದವು. ಫೋನಿನಲ್ಲಿ ನಾವು ಇಳಿಸಿಟ್ಟ ಪಿಡಿಎಫ್‌ಗಳೂ ಒಂಥರಾ ದೇವರ ಕೋಣೆಯ ಓಲೆಗಟ್ಟೇ, ವಿಭೂತಿ ಒಂದು ಕಮ್ಮಿ.

ಆಮೇಲೆ ಆ ಶಾಲೆಗೆ ಫೋನ್ ಮಾಡಿ ಕೇಳಿದೆವು. ಕಪಾಟು ಇದೆಯಂತೆ, ಪುಸ್ತಕವೂ ಇದೆಯಂತೆ. ಕೀಲಿ ವರ್ಗವಾಗಿ ಹೋದ ಮಾಸ್ತರರ ಹತ್ತಿರ ಉಳಿದಿದೆಯಂತೆ. ಹೀಗಾಗಿ ಮೊದಲ ಖರ್ಚು ಬೀಗ ಒಡೆಯೋನಿಗೆ. ಆಮೇಲೆ ಬಾಗಿಲಿಲ್ಲದ ಎರಡು ಕಪಾಟು, ಮಕ್ಕಳ ಕೈಗೆ ಎಟುಕೋ ಎತ್ತರದಲ್ಲಿ. ಉಳಿದ ದುಡ್ಡಲ್ಲಿ ಕಥೆ ಪುಸ್ತಕ, ಮತ್ತೆ ಒಂದೇ ಒಂದು ಟ್ಯಾಬ್, ಅದೂ ಅದೇ ಕಪಾಟಿನಲ್ಲಿ. ಊರಿನ ಪಂಚಾಯಿತಿ ಲೈಬ್ರರಿ, ಅಂದ್ರೆ ಈಗಿನ ಅರಿವು ಕೇಂದ್ರ, ಅಲ್ಲಿಯವರನ್ನೂ ಮಾತಾಡಿಸಬೇಕು. ವಾರಕ್ಕೊಂದು ಪೀರಿಯಡ್ ಗಣಿತಕ್ಕೆ ಕೊಡಬಾರದು ಅಂತ ಹೆಡ್ ಮಾಸ್ತರರಿಗೆ ಕೇಳಿದ್ದೀವಿ. ಅವರು ನಕ್ಕರು, ಹೂಂ ಅನ್ನಲಿಲ್ಲ.

ಬರೋ ಶನಿವಾರ ರಾತ್ರಿ ಬಸ್ಸಿಗೆ ಹೊರಡ್ತೀವಿ. ಪುಸ್ತಕದ ರಿಜಿಸ್ಟರ್ ಬರೆಯೋಕೆ ಕನ್ನಡ ಅಕ್ಷರ ಚೆನ್ನಾಗಿರೋರು ಇಬ್ಬರು ಬೇಕು. ನಮ್ಮ ನಾಲ್ವರದ್ದೂ ಚೆನ್ನಾಗಿಲ್ಲ.